ಅವ್ವ ಹೇತಲ್‌ಗೆ ಹೇಳಿದ ಪಾಠ

ಖಾಕ್ರಾ ಸುಡುವ ವಾಸನೆಯನ್ನು ನೀವು ಬಲ್ಲಿರೋ ಇಲ್ಲವೋ. ಕಾಗದದಷ್ಟು ತೆಳ್ಳಗೆ ಲಟ್ಟಿಸಿದ ಗೋಧಿ ಚಪಾತಿಯನ್ನು ಮಂದ ಉರಿಯ ಹೆಂಚಿನ ಮೇಲೆ ಹಾಕಿ, ಮರದ ಹಿಡಿಕೆಯಿಂದ ಅದುಮುತ್ತ ಅದುಮುತ್ತ ಹಪ್ಪಳದಂತೆ ಗರಿಗರಿಯಾಗಿಸುವಾಗ ಮೆಂತ್ಯೆಸೊಪ್ಪು, ಅಜವಾನ, ಒಣಗುತ್ತಿರುವ ಹಿಟ್ಟು ಮೂರೂ ಬೆರೆತು ಏಳುವ ವಾಸನೆ ಅದು. ಮೊನ್ನೆ ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ಒಂದು ಸಣ್ಣ ಅಂಗಡಿಯ ಹಿಂಬದಿಯಿಂದ ಅದು ತೇಲಿ ಬಂತು. ಕಾಯಿಪಲ್ಯೆಯ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ತೊಂಬತ್ತರ ದಶಕದ ನಡುವಿನ ಅಹಮದಾಬಾದು, ಮಣಿನಗರದ ನಮ್ಮ ಎರಡಂತಸ್ತಿನ ಹಳದಿ ಮನೆ, ಅಂಗಳದ ಬೇವಿನ ಗಿಡ, ಕೆಳಗಿನ ಮನೆಯ ಬಾಗಿಲಲ್ಲಿ ಕಾಲು ಚಾಚಿ ಕೂತ ಶಾರದಾಬೆನ್, ಎಲ್ಲ ಆ ವಾಸನೆಯೊಳಗೇ ಇದ್ದವು. ಅವುಗಳ ಜೊತೆಗೆ, ನಾನು ಹದಿನಾಲ್ಕನೆಯ ವಯಸ್ಸಿನಲ್ಲಿ ಹೊತ್ತು ತಿರುಗಿದ ಹೊಟ್ಟೆಕಿಚ್ಚೂ ಇತ್ತು.

ಅಪ್ಪನದು ಬ್ಯಾಂಕಿನ ಕೆಲಸ. ವರ್ಗವಾದಲ್ಲಿಗೆ ಹೋಗುತ್ತ ನಾವು ಮಣಿನಗರಕ್ಕೆ ಬಂದು, ಆ ಮನೆಯ ಮೇಲಿನ ಅಂತಸ್ತನ್ನು ಬಾಡಿಗೆಗೆ ಹಿಡಿದಿದ್ದೆವು. ಕೆಳಗೆ ರಮಣ್‌ಭಾಯಿ ಇದ್ದರು. ನರೋಡಾದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ; ಮಾತು ಕಡಿಮೆ, ಉಗುರಿನ ಸಂದಿಯಲ್ಲಿ ಎಂದೂ ಹೋಗದ ಎಣ್ಣೆಗಪ್ಪು. ಅವರ ಹೆಂಡತಿ ಶಾರದಾಬೆನ್ ಮನೆಯಲ್ಲೇ ಖಾಕ್ರಾ ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದಳು. ಅವರ ಒಬ್ಬಳೇ ಮಗಳು ಹೇತಲ್, ನನ್ನ ವಯಸ್ಸಿನವಳು, ನನ್ನಂತೆಯೇ ಒಂಬತ್ತನೆಯ ತರಗತಿ. ಅವಳು ಗುಜರಾತಿ ಶಾಲೆಗೆ ಹೋಗುತ್ತಿದ್ದಳು, ನಾನು ಇಂಗ್ಲಿಷ್ ಶಾಲೆಗೆ. ಆ ವ್ಯತ್ಯಾಸದ ಬಗ್ಗೆ ನನಗೆ ಒಳಗೊಳಗೇ ಜಂಬವಿತ್ತು.

ನನ್ನ ಅವ್ವ ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಬಿ.ಎಸ್‌ಸಿ. ಮುಗಿಸಿದವಳು. ಮದುವೆಯಾದ ಮೇಲೆ ಊರೂರು ಸುತ್ತುವುದರಲ್ಲಿ ಆ ಓದು ಟ್ರಂಕಿನ ತಳ ಸೇರಿತ್ತು. ನನ್ನ ಪುಸ್ತಕದಲ್ಲಿ ಚಲನೆ, ಬಲ, ಗುರುತ್ವಾಕರ್ಷಣೆಯ ಪಾಠಗಳು ಬಂದ ವರ್ಷ ಅವಳಿಗೆ ಹಬ್ಬ ಬಂದಂತಾಯಿತು. ಒಗ್ಗರಣೆ ಹಾಕುತ್ತಲೇ ಕರೆಯುವಳು, "ವಸೂ, ಇಲ್ಲೆ ಬಾ. ಬಸ್ಸು ಗಕ್ಕನೆ ನಿಂತಾಗ ನಾವ್ಯಾಕ ಮುಂದ ಮುಗ್ಗರಿಸ್ತೀವಿ, ಹೇಳು ನೋಡೋಣ." ನಾನು ಒಂದು ದಿನ ಅಂದೆ: "ಅವ್ವಾ, ಇದೆಲ್ಲಾ ಬ್ಯಾಡ. ಪರೀಕ್ಷಾಕ್ಕ ಬರೋ ಇಂಪಾರ್ಟೆಂಟ್ ಕ್ವೆಶ್ಚನ್ ಅಷ್ಟ ಹೇಳು." ಅವ್ವ ಸೌಟನ್ನು ಬೋಗುಣಿಯ ಅಂಚಿಗಿಟ್ಟು, ಇಂಪಾರ್ಟೆಂಟ್ ಪ್ರಶ್ನೆಗಳಿಗೆ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಟ್ಟಳು. ಮತ್ತೆಂದೂ ಅವಳಾಗಿ ಕರೆಯಲಿಲ್ಲ.

ಆಮೇಲೆ ಹೇತಲ್ ಬಂದಳು. ಒಂದು ಮಧ್ಯಾಹ್ನ ಪುಸ್ತಕ ಎದೆಗವಚಿಕೊಂಡು ನಮ್ಮ ಬಾಗಿಲಲ್ಲಿ ನಿಂತು, ತನ್ನ ಟೀಚರಿಗೆ ಕೇಳಿದರೆ ಬೈಯುತ್ತಾರೆಂದು ಇಲ್ಲಿಗೆ ಬಂದೆನೆಂದಳು. ಭೂಮಿ ಎಲ್ಲವನ್ನೂ ಎಳೆಯುವುದಾದರೆ ಭಾರವಾದದ್ದನ್ನು ಹೆಚ್ಚು ಎಳೆಯಬೇಕು, ಅದು ಮೊದಲು ಬೀಳಬೇಕು. ಪುಸ್ತಕದಲ್ಲಿ ಎರಡೂ ಕೂಡಿಯೇ ಬೀಳುತ್ತವೆ ಎಂದು ಬರೆದಿದೆಯಲ್ಲ, ಯಾಕೆ? ಅವ್ವ ಅವಳ ಪುಸ್ತಕ ಇಸಿದುಕೊಂಡು ಗುಜರಾತಿ ಅಕ್ಷರಗಳ ಮೇಲೆ ಬೆರಳಾಡಿಸುತ್ತ ತಡವರಿಸಿ ಓದಿದಳು: ಗತಿ, ವೇಗ, ಬಳ, ಗುರುತ್ವಾಕರ್ಷಣ. ಅವಳ ಮುಖ ಅರಳಿತು. "ಅಯ್ಯ, ಇವೆಲ್ಲಾ ನಮ್ಮ ಶಬ್ದನ ಅವ ನೋಡು. ವೇಗೋತ್ಕರ್ಷಕ್ಕ ಇವರು ಪ್ರವೇಗ ಅಂತಾರಂತ. ನಮ್ಮದಕ್ಕಿಂತ ಇದ ಛಲೋ ಅದ." ನನ್ನ ಪುಸ್ತಕದ ಇಂಗ್ಲಿಷ್ ಶಬ್ದಗಳನ್ನು ಅವಳು ಒಂದು ದಿನವೂ ಹಾಗೆ ಬಾಯಿಚಪ್ಪರಿಸಿ ಹೇಳಿರಲಿಲ್ಲ.

ದಿನಾ ನಾಲ್ಕು ಗಂಟೆಗೆ ಹೇತಲ್ ಮೆಟ್ಟಿಲು ಹತ್ತುವ ಸದ್ದು ಕೇಳುತ್ತಿತ್ತು. ಅದಕ್ಕೂ ಮೊದಲೇ ಅವ್ವ ಮುಖ ತೊಳೆದು, ಬೇರೆ ಸೀರೆ ಉಟ್ಟು ಕೂತಿರುತ್ತಿದ್ದಳು. ಗುಜರಾತಿ ಸಾಲದೆ ಬಂದಲ್ಲಿ ಕನ್ನಡವನ್ನೇ ಹೇಳಿಬಿಡುತ್ತಿದ್ದಳು, "ಭೂಮಿ ಜಗ್ಗತದ. ನಿನ್ನ ಜಗ್ಗತದ, ನನ್ನ ಜಗ್ಗತದ, ಚಂದ್ರನ್ನೂ ಜಗ್ಗತದ." ಹೇತಲ್ ಅದನ್ನು ಹಾಗೇ ಕಲಿತಳು. ಇನ್ನೊಂದನ್ನೂ ಕಲಿತಳು. ನಾನು 'ಅವ್ವಾ' ಎಂದು ಕರೆಯುವುದನ್ನು ಕೇಳಿ, ಕನ್ನಡದಲ್ಲಿ ಟೀಚರಿಗೆ ಹಾಗೆ ಅನ್ನುತ್ತಾರೆಂದು ತಿಳಿದು, ಒಂದು ದಿನ ಬಾಗಿಲಿನಿಂದಲೇ "ಅವ್ವಾ" ಎಂದಳು. ಅವ್ವ ನಕ್ಕಳು, ತಿದ್ದಲಿಲ್ಲ. ನಾನೇ ತಿದ್ದಬೇಕೆಂದುಕೊಂಡೆ, ಚಪ್ಪಲಿ ಮೆಟ್ಟಿ ಕೆಳಗಿಳಿದೆ. ಅಂದು ಊಟ ಬೇಡವೆಂದೆ. ಹೊಟ್ಟೆನೋವೇ ಎಂದು ಅವ್ವ ಓಮಿನ ಕಾಳು ಕೊಟ್ಟಳು.

ಬೀಳುವ ವಸ್ತುಗಳ ಪ್ರಶ್ನೆಯನ್ನು ಅವಳು ಮಾಳಿಗೆಯ ಮೇಲೆ ಬಗೆಹರಿಸಿದಳು. ಹೇತಲ್‌ಳ ಒಂದು ಕೈಯಲ್ಲಿ ಕಿಲೋ ತೂಕದ ಕಬ್ಬಿಣದ ಕಲ್ಲು, ಇನ್ನೊಂದರಲ್ಲಿ ಒಂದು ಬಟಾಟಿ. ಕೆಳಗೆ ಅಂಗಳದಲ್ಲಿ ಹಳೆಯ ತಗಡು ಹಾಸಿ, ದೂರ ನಿಂತು ಸದ್ದು ಕೇಳುವ ಕೆಲಸ ನನಗೆ. ಮೇಲೆ ಅವರಿಬ್ಬರೂ ಗೋಡೆಯ ಮೇಲೆ ಬಾಗಿದ್ದರು. ಅವ್ವನ ಒಂದು ಕೈ ಹೇತಲ್ ಬೀಳದಂತೆ ಅವಳ ಬೆನ್ನ ಮೇಲಿತ್ತು. ಹೇತಲ್ ಎರಡನ್ನೂ ಒಟ್ಟಿಗೆ ಬಿಟ್ಟಳು. ಧಡ್ ಎಂದು ಒಂದೇ ಒಂದು ಸದ್ದು. "ಎಷ್ಟು ಸಪ್ಪಳಾ ಬಂತು ವಸೂ?" ಎಂದು ಅವ್ವ ಕೂಗಿದಳು. ನಾನು "ಎರಡು" ಎಂದೆ. ಮತ್ತೆ ಬಿಟ್ಟರು. ಮತ್ತೆ "ಎರಡು" ಎಂದೆ. ಹೇತಲ್ ತನಗೆ ಒಂದೇ ಕೇಳಿತೆಂದಳು. ಅವ್ವ ಕೆಳಗಿಳಿದು ಬಂದು ನನ್ನ ಕಿವಿಯ ಹತ್ತಿರ ಚಿಟಿಕೆ ಹೊಡೆದು ನೋಡಿದಳು. ಆಮೇಲೆ ಹೇತಲ್‌ಳನ್ನು ನನ್ನ ಜಾಗದಲ್ಲಿ ನಿಲ್ಲಿಸಿದಳು. ನಾನು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದೆ. ಒಳಗಿನಿಂದ ಅವ್ವ ವಿವರಿಸುವುದು ಕೇಳಿಸುತ್ತಿತ್ತು: ಭಾರವಾದದ್ದನ್ನು ಭೂಮಿ ಹೆಚ್ಚು ಎಳೆಯುವುದು ನಿಜ, ಆದರೆ ಅದನ್ನು ಅಲುಗಾಡಿಸುವುದೂ ಅಷ್ಟೇ ಕಷ್ಟ, ಎರಡೂ ಸರಿಸಮ ಆಗಿ ಕೂಡಿಯೇ ಇಳಿಯುತ್ತವೆ. ಎಷ್ಟು ಚೆನ್ನಾಗಿ ಹೇಳುತ್ತಿದ್ದಳು. ಅದು ನನಗೂ ಆಗ ಅರ್ಥವಾಯಿತು, ಅದೇ ಇನ್ನಷ್ಟು ಸಿಟ್ಟು ತರಿಸಿತು.

ಮುಂದಿನ ಶನಿವಾರ ಅವ್ವ ಹಳೆ ಪೇಪರಿನವನ ಹತ್ತಿರ ಒಂದು ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಕೇಳಿ ಪಡೆದು, ಅಪ್ಪನ ಆಫೀಸಿನ ಏಳು ಅಂತಸ್ತಿನ ಕಟ್ಟಡದ ಲಿಫ್ಟಿಗೆ ಹೋಗೋಣವೆಂದಳು. ನನ್ನನ್ನೂ ಕರೆದಳು. ತಲೆನೋವೆಂದು ಮಲಗಿದೆ; ಇನ್ನೊಮ್ಮೆ ಕರೆದಿದ್ದರೆ ಏಳುತ್ತಿದ್ದೆ. ಅವರು ಸಂಜೆ ನಗುತ್ತ ಬಂದರು. ಲಿಫ್ಟು ಮೇಲಕ್ಕೆ ಹೊರಡುವ ಕ್ಷಣ ತಕ್ಕಡಿಗೆ ತೂಗುಹಾಕಿದ ಚೀಲದ ಬಟಾಟಿ ಭಾರವಾಯಿತಂತೆ, ಕೆಳಕ್ಕೆ ಹೊರಡುವ ಕ್ಷಣ ಹಗುರಾಯಿತಂತೆ, ನಡುವೆ ಒಂದೇ ಸಮ ಹೋಗುವಾಗ ಇದ್ದಷ್ಟೇ ಇತ್ತಂತೆ. ಲಿಫ್ಟಿನವ "ಬೆನ್, ಇದು ತರಕಾರಿ ಮಾರುವ ಜಾಗ ಅಲ್ಲ" ಎಂದನಂತೆ. ಅಷ್ಟು ನಗುವ ಅವ್ವ ನಮ್ಮ ಮನೆಯಲ್ಲಿ ಇದ್ದಾಳೆಂದೇ ನನಗೆ ಗೊತ್ತಿರಲಿಲ್ಲ.

ಆ ಸಮಯಕ್ಕೆ ಸರಿಯಾಗಿ ನಾನು ಕೆಳಗಿನ ಮನೆಗೆ ಹೋಗತೊಡಗಿದೆ. ಹೇತಲ್ ನಮ್ಮಲ್ಲಿರುವಾಗ ನಾನು ಶಾರದಾಬೆನ್ ಪಕ್ಕದಲ್ಲಿ ಕೂತು ಖಾಕ್ರಾ ಲಟ್ಟಿಸುತ್ತಿದ್ದೆ. "ನೋಡು ದೀಕರಿ, ನಿನ್ನ ಕೈಯಲ್ಲಿ ಎಷ್ಟು ದುಂಡಗೆ ಬರುತ್ತದೆ" ಎಂದು ಮಗಳನ್ನು ಕರೆದಂತೆ ಕರೆಯುತ್ತ ಅವಳು ಮೊದಲು ಸುಟ್ಟದ್ದನ್ನು ತುಪ್ಪ ಸವರಿ ನನಗೇ ಕೊಡುತ್ತಿದ್ದಳು. ಆ ಮನೆಯವರು ನನಗೆ ಒಂದು ದಿನವೂ ಕೆಟ್ಟದ್ದು ಮಾಡಿದವರಲ್ಲ.

ಬೇಸಿಗೆ ರಜೆಗೆ ಮುಂಚೆ ಅವ್ವನಿಗೊಂದು ಸುದ್ದಿ ಸಿಕ್ಕಿತು. ನಗರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಶಾಲಾ ಮಕ್ಕಳಿಗೆ ಹತ್ತು ದಿನದ ವಿಜ್ಞಾನ ಶಿಬಿರ. ದೊಡ್ಡ ವಿಜ್ಞಾನಿಗಳೇ ಪಾಠ ಹೇಳುತ್ತಾರಂತೆ. ಅಪ್ಪನ ಕಡೆಯಿಂದ ಅರ್ಜಿ ತರಿಸಿದಳು, ಒಂದೇ ಒಂದು. ಅದು ಕೈಗೆ ಬಂದ ದಿನವೇ ಅವ್ವ ಅಪ್ಪ ಇಬ್ಬರೂ, ಸೂರತ್ತಿನಲ್ಲಿ ಹೋಟೆಲು ನಡೆಸುವ ಪರಿಚಯದವರ ಮದುವೆಗೆ ಹೊರಟಿದ್ದರು. ನನಗೆ ಪರೀಕ್ಷೆಯಿತ್ತು, ಎರಡು ದಿನ ಶಾರದಾಬೆನ್ ಮನೆಯಲ್ಲಿರಬೇಕೆಂದಾಗಿತ್ತು. ಹೇತಲ್ ಇನ್ನೂ ಶಾಲೆಯಿಂದ ಬಂದಿರಲಿಲ್ಲ. ಅವ್ವ ಆಟೋದಲ್ಲಿ ಕಾಲಿಟ್ಟವಳು ಇಳಿದು ಬಂದು ಅರ್ಜಿಯನ್ನು ನನ್ನ ಕೈಗಿಟ್ಟಳು. "ಹೇತಲ್ ಬಂದ ಕೂಡ್ಲೆ ಕೊಡು. ಅವರಪ್ಪಂದು ಸಹಿ ಬೇಕು. ನಾಳೆ ಐದರೊಳಗ ಮುಟ್ಟಬೇಕು, ಮರೀಬ್ಯಾಡವಾ."

ನಾನು ಮರೆಯಲಿಲ್ಲ. ಅದನ್ನು ಮಡಿಚಿ ನನ್ನ ಭೂಪಟದ ಪುಸ್ತಕದಲ್ಲಿಟ್ಟೆ. ಹೇತಲ್ ಬಂದಳು. ತನ್ನ ಹಾಸಿಗೆಯನ್ನು ನನಗೆ ಬಿಟ್ಟುಕೊಟ್ಟು ತಾನು ಕೆಳಗೆ ಚಾಪೆ ಹಾಕಿಕೊಂಡಳು. ರಮಣ್‌ಭಾಯಿ ಮರುದಿನ ಬೆಳಿಗ್ಗೆ ಸೈಕಲ್ಲಿನ ಮೇಲೆ ಕೂರಿಸಿಕೊಂಡು ನನ್ನನ್ನು ಶಾಲೆಗೆ ಮುಟ್ಟಿಸಿದರು. ನಾಲ್ಕು ಗಂಟೆಗೆ ನಾನು ಲಟ್ಟಣಿಗೆ ಹಿಡಿದು ಕೂತಿದ್ದೆ. ಗೋಡೆಯ ಗಡಿಯಾರದಲ್ಲಿ ಐದಾಗುವುದನ್ನು ನೋಡಿದೆ. ಐದಾಯಿತು. ಶಾರದಾಬೆನ್ ತುಪ್ಪ ಸವರಿದ ಖಾಕ್ರಾ ಕೊಟ್ಟಳು, ತಿಂದೆ.

ಸೂರತ್ತಿನಿಂದ ಬಂದವಳೇ ಅವ್ವ ಕೇಳಿದ್ದು ಅದನ್ನೇ. "ಕೊಟ್ಟೆ. ಅವರಪ್ಪ ಬ್ಯಾಡ ಅಂದ್ರು" ಎಂದೆ. ಆ ಎರಡನೆಯ ಮಾತನ್ನು ನಾನು ಮೊದಲೇ ಯೋಚಿಸಿಟ್ಟಿರಲಿಲ್ಲ. ಅವ್ವ ಸಂಜೆಯವರೆಗೂ ಕಿಟಕಿಯ ಹತ್ತಿರ ಕೂತಿದ್ದಳು. ರಮಣ್‌ಭಾಯಿ ಸೈಕಲ್ ಒಳಗೆ ತರುತ್ತಿದ್ದಂತೆ ಇಳಿದು ಹೋಗಿ, ಅಂಗಳದಲ್ಲಿ ನಿಂತು, ತನ್ನ ಮುರುಕು ಗುಜರಾತಿಯಲ್ಲಿ ಅಂದಳು: "ಮಗಳನ್ನು ಓದಿಸಲು ಮನಸ್ಸಿಲ್ಲದವರು ನನ್ನ ಹತ್ತಿರ ಯಾಕೆ ಕಳಿಸಿದಿರಿ? ನನ್ನ ಶ್ರಮಕ್ಕೆ ಬೆಲೆ ಬೇಡವೇ?" ಅವರು ಸೈಕಲ್ಲಿನ ಹಿಡಿ ಬಿಡದೆ ನಿಂತರು. ಏನು ತಿಳಿದರೋ, ಯಾಕೆಂದು ಕೇಳಲಿಲ್ಲ. ಕಣ್ಣು ಕೆಳಗೆ ಮಾಡಿ, "ಕಾಲ್‌ಥೀ ನಹೀ ಆವೇ, ಬೆನ್" ಎಂದರು. ನಾಳೆಯಿಂದ ಅವಳು ಬರುವುದಿಲ್ಲ, ಅಕ್ಕಾ ಎಂದು. ನಾನು ಮೆಟ್ಟಿಲ ಮೇಲಿದ್ದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು.

ಹೇತಲ್ ಮತ್ತೆ ಬರಲಿಲ್ಲ. ಅವ್ವ ಕೆಲವು ದಿನ ನಾಲ್ಕು ಗಂಟೆಗೆ ಮುಖ ತೊಳೆದಳು, ಆಮೇಲೆ ಅದೂ ನಿಂತಿತು. ಎರಡು ತಿಂಗಳಿಗೆ ಅಪ್ಪನಿಗೆ ಹುಬ್ಬಳ್ಳಿಗೆ ವರ್ಗವಾಯಿತು. ನಾನು ಬಯಸಿದ್ದಂತೆ ಅವ್ವ ನನ್ನೊಬ್ಬಳವಳಾದಳು. ಒಮ್ಮೆ ನಾನಾಗಿಯೇ ಪುಸ್ತಕ ಹಿಡಿದು ಹೋಗಿ, ಚಂದ್ರ ಭೂಮಿಯ ಮೇಲೆ ಯಾಕೆ ಬೀಳುವುದಿಲ್ಲವೆಂದು ಕೇಳಿದೆ. "ಪುಸ್ತಕದಾಗ ಅದ ನೋಡವಾ" ಎಂದು ಅವಳು ಅಕ್ಕಿ ಆರಿಸುತ್ತ ಕೂತಳು. ಅಪ್ಪ ಮೊದಲು ಹೋದ, ಆರು ವರ್ಷದ ಮೇಲೆ ಅವ್ವನೂ ಹೋದಳು. ಕೊನೆಯ ದಿನಗಳಲ್ಲಿ ಹೇಳಬೇಕೆಂದು ಎಷ್ಟೋ ಸಲ ಮಂಚದ ಹತ್ತಿರ ಕೂತಿದ್ದೆ. ಔಷಧ ಕುಡಿಸಿ ಎದ್ದು ಬಂದೆ.

ಅವಳ ವರ್ಷಾಂತಿಕದ ನಂತರ ಅಹಮದಾಬಾದಿಗೆ ಹೋದೆ. ಹಳದಿ ಮನೆ ಇರಲಿಲ್ಲ. ಅಲ್ಲಿ ಎತ್ತರದ ಕಟ್ಟಡ, ಬೇವಿನ ಗಿಡವಿದ್ದಲ್ಲಿ ಸ್ಕೂಟರುಗಳು. ಮೂಲೆಯ ಕಿರಾಣಿಯವರು ಹೇತಲ್‌ಳ ವಿಳಾಸ ಹೇಳಿದರು. ಅವಳು ನರೋಡಾ ಕಡೆ ಇದ್ದಳು, ಶಾಲೆಯೊಂದರಲ್ಲಿ ವಿಜ್ಞಾನದ ಟೀಚರು. ತಲೆಯಲ್ಲಿ ಬಿಳಿ ಕೂದಲು ಬಂದಿತ್ತು. ಕೈಹಿಡಿದು ಒಳಗೆ ಕರೆದಳು, ನೀರು ಕೊಟ್ಟಳು, ಚಹಾ ಮಾಡಿದಳು. ಅವಳ ತಾಯಿ ತಂದೆ ಇಬ್ಬರೂ ಇಲ್ಲವೆಂದು ತಿಳಿಯಿತು. ಅವ್ವನೂ ಇಲ್ಲವೆಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಗ ನಾನು ಎಲ್ಲ ಹೇಳಿದೆ, ಅರ್ಜಿ, ಐದು ಗಂಟೆ, ಆ ಸುಳ್ಳು.

ಅವಳು ಚಹಾದ ಕಪ್ಪುಗಳನ್ನು ಒಳಗಿಟ್ಟು ಬಂದು ಕೂತಳು. "ಶಿಬಿರ ಹೋಗಲಿ," ಎಂದಳು ಕೊನೆಗೆ. "ನಾನು ಹೇಗೋ ಓದಿಕೊಂಡೆ. ಅಪ್ಪಾಜಿ ಆ ವಾರವೆಲ್ಲ ಕಾರ್ಖಾನೆಯಲ್ಲಿ ಊಟದ ಬಿಡುವಿನಲ್ಲಿ ಕೂತು, ಚೂರು ಹಿತ್ತಾಳೆಯಲ್ಲಿ, ಹಗ್ಗ ಹಾಕಿ ಭಾರ ಎತ್ತುವಂಥ ಒಂದು ಸಣ್ಣ ರಾಟೆ ಕಡೆದಿದ್ದರು. ನಿನ್ನ ಅವ್ವನಿಗೆ ಪಾಠಕ್ಕೆ ಬೇಕಾಗುತ್ತದೆ ಅಂತ. ಅಂದು ಅಂಗಳದಲ್ಲಿ ನಿಂತಾಗ ಅದು ಅವರ ಟಿಫಿನ್ ಚೀಲದಲ್ಲಿತ್ತು. ಒಳಗೆ ಬಂದು ಅಟ್ಟದ ಮೇಲಿಟ್ಟರು. ಪಾಠಕ್ಕೆ ಹಣ ಏನೂ ಕೊಡಲಿಲ್ಲ ಅಂತ ಬೆನ್‌ಗೆ ಬೇಜಾರಾಗಿದೆ, ಅಂದರು. ಸಾಯುವವರೆಗೂ ಹಾಗೇ ತಿಳಿದಿದ್ದರು."

"ಆ ರಾಟೆ?" ಎಂದೆ.

"ಮನೆ ಖಾಲಿ ಮಾಡಿದಾಗ ಎಲ್ಲಿ ಹೋಯಿತೋ." ಆಮೇಲೆ ನನ್ನನ್ನು ನೇರ ನೋಡಿ ಅಂದಳು, "ನನಗೆ ಹೇಳಬೇಕಾಗಿರಲಿಲ್ಲ ವಸೂ. ಅವರಿಗೆ ಹೇಳಬೇಕಿತ್ತು."

ಅವಳು ಬೈಯಲಿಲ್ಲ. ಊಟಕ್ಕೆ ಕೂರಿಸಿದಳು, ಎರಡು ಸಲ ಬಡಿಸಿದಳು, ದಾರಿಗೆಂದು ಬುತ್ತಿ ಕಟ್ಟಿದಳು. ರಸ್ತೆಯವರೆಗೂ ಬಂದು ಆಟೋದವನೊಡನೆ ತಾನೇ ಮಾತಾಡಿದಳು. ಆ ಊರಿನಲ್ಲಿ ಯಾರೂ ಹೋಗಿಬನ್ನಿ ಎನ್ನುವುದಿಲ್ಲ. ಹಾಲಿನವನಿಂದ ಹಿಡಿದು ನೆಂಟರವರೆಗೆ, ಹೊರಟವರಿಗೆಲ್ಲ "ಆವಜೋ" ಎನ್ನುತ್ತಾರೆ, ಬರುತ್ತಿರಿ ಎಂದು. ಆಟೋ ಶುರುವಾಯಿತು. ನಾನು ತಲೆ ಹೊರಗೆ ಹಾಕಿ ಕಾದೆ. ಹೇತಲ್ ಸೆರಗು ಭುಜದ ಮೇಲೆ ಎಳೆದುಕೊಂಡು, ಧೂಳಿನಲ್ಲಿ ಕಣ್ಣು ಕಿರಿದು ಮಾಡಿ, ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ಅಲ್ಲೇ ನಿಂತಿದ್ದಳು. ಆ ಮಾತೊಂದನ್ನು ಹೇಳಲಿಲ್ಲ.