ಕರಿಯಕ್ಕ ಗುಡಿಸಿದ ಕೆರೆಯಂಗಳ

ನನ್ನ ಸೋದರತ್ತೆ ಕರಿಯಕ್ಕನಿಗೆ ಈಗ ಅರವತ್ತೆಂಟು. ಅದರಲ್ಲಿ ಅರವತ್ತು ವರ್ಷ ಕುರಿಯ ಹಿಂದೆಯೇ ನಡೆದಿದ್ದಾಳೆ. ಶೆಟ್ಟಿಕೆರೆ ಕಡೆಯ ನಮ್ಮ ಗೊಲ್ಲರಹಟ್ಟಿಯ ಪಕ್ಕ ಒಂದು ಕೆರೆಯಿದೆ. ನೀರು ಇಳಿದ ಮೇಲೆ ಅದರ ಅಂಗಳದಲ್ಲಿ ಹುಲ್ಲು ಏಳುತ್ತದೆ. ಅತ್ತೆ ಅಲ್ಲೇ ಜಾಲಿಮುಳ್ಳಿನ ಬೇಲಿ ಕಟ್ಟಿ, ರಾತ್ರಿ ಕುರಿ ಕೂಡುವ ರೊಪ್ಪ ಹಾಕುತ್ತಾಳೆ. ಹಿಕ್ಕೆಯ ಗೊಬ್ಬರ ಸುತ್ತಲಿನ ತೆಂಗಿನ ತೋಟಗಳಿಗೆ ಹೋಗುತ್ತದೆ. ಬೇಸಿಗೆಯಲ್ಲಿ ಅವಳ ಎಂಬತ್ತು ಕುರಿಗೆ ಬೇರೆ ಮೇವಿಲ್ಲ. ಆ ಅಂಗಳ ಹೋದರೆ ಮಂದೆಯನ್ನೇ ಮಾರಬೇಕು.

ಹೋದ ವರ್ಷ ಅಲ್ಲೊಂದು ಬೋರ್ಡು ಬಂತು. ಕೆರೆ ದಡದಲ್ಲಿ ಮನೆಗಳ ಲೇಔಟ್, ಅಂಗಳದಲ್ಲಿ ಒಣ ಬಂದರು. ಕೊಬ್ಬರಿ ತುಂಬಿದ ಕಂಟೇನರ್‌ಗಳನ್ನು ಇಲ್ಲಿ ಪೇರಿಸಿ, ಆಮೇಲೆ ಸಮುದ್ರದ ಕಡೆಗೆ ಸಾಗಿಸುತ್ತಾರಂತೆ.

'ಹಡಗೇ ಇಲ್ದ ಬಂದರಾ? ತಲೆ ಕೆಟ್ಟೈತಾ ಇವ್ರಿಗೆ?' ಎಂದು ಅತ್ತೆಯ ಗಂಡ ಜುಂಜಣ್ಣ ಮಾವ ನಕ್ಕ. ನನಗೆ ನಗು ಬರಲಿಲ್ಲ. ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ತಾಲ್ಲೂಕು ಕಚೇರಿಗೆ ಬರೆದುಕೊಡಬೇಕೆಂದು ಬೋರ್ಡಿನಲ್ಲೇ ಇತ್ತು. 'ನಮ್ಮ ವನಜಿ ಬರೀತಾಳೆ ಬುಡಿ' ಎಂದು ಎಲ್ಲರೂ ಅಂಗನವಾಡಿ ಟೀಚರಾದ ನನ್ನ ತಲೆಗೇ ಕಟ್ಟಿದರು. ನಾಲ್ಕು ಪುಟ ಬರೆದೆ. 'ತಲೆತಲಾಂತರದಿಂದ ಇಲ್ಲಿ ಕುರಿ ಮೇಯಿಸುತ್ತಿದ್ದೇವೆ, ಬಂದು ನೋಡಿ' ಎಂದು ಕೊನೆಗೆ ಸೇರಿಸಿದ್ದೂ ನಾನೇ.

ಬರುತ್ತೇವೆ ಎಂದು ಕಚೇರಿಯಿಂದ ಫೋನು ಬಂತು.

'ಅತ್ತೆ, ಗುರುವಾರ ಸಾಹೇಬ್ರು ನಿನ್ ಜಾಗ ನೋಡೋಕೆ ಬತ್ತಾರೆ' ಎಂದೆ. ಅಷ್ಟೇ ಹೇಳಿ, ತರಬೇತಿಗೆಂದು ತಿಪಟೂರಿನ ಬಸ್ಸು ಹತ್ತಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ನಮ್ಮ ಹಟ್ಟಿಯಲ್ಲೊಂದು ಪದ್ಧತಿ. ದೇವರಿಗೆ ಬಿಟ್ಟ ಎತ್ತುಗಳು ಬರುವ ದಿನ, ಅವು ಕಾಲಿಡುವ ಜಾಗದಲ್ಲಿ ಮುಳ್ಳಿರಬಾರದು, ಹಿಕ್ಕೆಯಿರಬಾರದು, ಕುರಿಯ ಧೂಳೂ ಏಳಬಾರದು. ಬರುವ ದೊಡ್ಡವರಿಗೆ ತೋರಲು ಅತ್ತೆಗೆ ಗೊತ್ತಿದ್ದ ಮರ್ಯಾದೆ ಅದೊಂದೇ. ಎರಡು ದಿನ ಸೊಂಟ ಬಗ್ಗಿಸಿ ರೊಪ್ಪ ಕಿತ್ತಳು. ಮುಳ್ಳು ಹೊತ್ತು ಕೆರೆ ಏರಿಯ ಆಚೆ ಹಾಕಿದಳು. ಹಿಕ್ಕೆಯನ್ನೆಲ್ಲ ಗುಡಿಸಿ ಪಕ್ಕದ ರಂಗಪ್ಪನವರ ತೆಂಗಿನ ತೋಟಕ್ಕೆ ಸುರಿದಳು. ಮಾವನ ಕೈಲಿ ಕುರಿಗಳನ್ನು ಹಾಲ್ಕುರಿಕೆ ಕಡೆಗೆ ಹೊಡೆಸಿದಳು. ಸಾಹೇಬರು ಇಳಿದಾಗ ತಂಬಿಗೆಯಲ್ಲಿ ನೀರು ಹಿಡಿದು ನಿಂತಿದ್ದಳಂತೆ. ಅವರು ಏನೂ ಕೇಳಲಿಲ್ಲವಂತೆ, ಇವಳೂ ಹೇಳಲಿಲ್ಲ. ನಾಲ್ಕು ಫೋಟೊ ತೆಗೆದುಕೊಂಡು ಹೊರಟುಹೋದರಂತೆ.

ವಾರದೊಳಗೇ ಉತ್ತರ ಬಂತು; ಮಾವ ಇನ್ನೂ ಕುರಿ ವಾಪಸು ಹೊಡೆದು ತಂದಿರಲಿಲ್ಲ. 'ಸ್ಥಳದಲ್ಲಿ ಕುರಿ ಸಾಕಣೆಯ ಯಾವ ಕುರುಹೂ ಇಲ್ಲ. ಜಾಗ ಖಾಲಿಯಿದೆ. ಆಕ್ಷೇಪಣೆ ತಿರಸ್ಕರಿಸಲಾಗಿದೆ.'

'ಏನಂತೆ ಕಣೇ? ಜಾಗ ಚೊಕ್ಕಟವಾಗೈತೆ ಅಂತ ಬರ್ದವ್ರಾ?' ಎಂದಳು ಅತ್ತೆ.

ನಾನು ಕೂಗಾಡಿಬಿಟ್ಟೆ. 'ಯಾರು ಗುಡಿಸು ಅಂದಿದ್ರು ನಿಂಗೆ? ಆ ಹಿಕ್ಕೆ, ಆ ಮುಳ್ಳೇ ನಮ್ ಸಾಕ್ಷಿ ಕಣತ್ತೆ! ಎಲ್ಲಾ ಹೋಯ್ತು!' ತಾಯಿ ಸತ್ತ ಮೇಲೆ ನನ್ನನ್ನು ಸಾಕಿದವಳಿಗೆ ಹಾಗಂದೆ. ಅವಳು ಎದ್ದು ಹೋದಳು.

ಸಂಜೆಯಾದರೂ ಬರಲಿಲ್ಲ. ಗಾಬರಿಯಾಗಿ ಕೆರೆಗೆ ಓಡಿದೆ. ಬರಿದಾದ ಅಂಗಳದ ನಡುವೆ ಅತ್ತೆ ಮುಳ್ಳು ಹೊತ್ತು ತಂದು ಬೇಲಿ ಜೋಡಿಸುತ್ತಿದ್ದಳು. ಅಂಗೈಯಿಂದ ರಕ್ತ ಸೋರುತ್ತಿತ್ತು. ತೋಟದಿಂದ ಹೆಕ್ಕಿ ತಂದ ಹಿಕ್ಕೆ ಸೆರಗಿನಲ್ಲಿತ್ತು. ನನಗೆ ಅಳು ತಡೆಯಲಾಗಲಿಲ್ಲ.

'ಬುಡು ಅತ್ತೆ, ಸಾಕು.'

'ಫೋನ್ ಮಾಡೇ ವನಜಿ' ಎಂದಳು. 'ಇನ್ನೊಂದ್ ಸಲಿ ಬರಾಕೆ ಹೇಳು. ಈ ಸಲಿ ನಾನೇನೂ ಗುಡಿಸಾಕಿಲ್ಲ.'