ಆರು ದಿನದ ಕೋರ್ಸು

ಔಷಧಿ ಅಂಗಡಿಯ ಚೀಟಿಯಣ್ಣನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಮಾತ್ರೆಯ ಡಬ್ಬಿಯೊಳಗೆ ಎಂಟು ಮಡಿಕೆಯಾಗಿ ಮಲಗಿರುವ ತೆಳ್ಳನೆ ಕಾಗದವಿರುತ್ತದಲ್ಲ, ನಾವೆಲ್ಲ ಕಣ್ಣೆತ್ತಿಯೂ ನೋಡದೆ ಕಸದ ಬುಟ್ಟಿಗೆ ಹಾಕುವ ಚೀಟಿ, ಅದನ್ನು ಈ ಮನುಷ್ಯ ಮೊದಲ ಅಕ್ಷರದಿಂದ ಕೊನೆಯ ಚುಕ್ಕಿಯ ತನಕ ಓದುತ್ತಿದ್ದ. ಓದಿ ಸುಮ್ಮನಿರುವ ಪೈಕಿಯೂ ಅಲ್ಲ, ಅದರಂತೆಯೇ ನಡೆಯುತ್ತಿದ್ದ. ಹೊಸ ಇಸ್ತ್ರಿಪೆಟ್ಟಿಗೆ ತಂದಾಗ ಅದರ ಪುಸ್ತಕ ಓದಿ ಮುಗಿಯುವವರೆಗೆ ಗಂಡಹೆಂಡತಿ ಇಬ್ಬರೂ ನಾಲ್ಕು ದಿನ ಮುದುಡಿದ ಬಟ್ಟೆಯಲ್ಲೇ ಓಡಾಡಿದ್ದರು. ಶಾಂಪೂ ಹಚ್ಚಿ ಎರಡು ನಿಮಿಷ ಬಿಡಿ ಎಂದು ಬರೆದಿದ್ದರೆ ಗಡಿಯಾರವೂ ಬಚ್ಚಲಿಗೆ ಹೋಗುತ್ತಿತ್ತು. ಯಾರ ಮನೆಗಾದರೂ ಹೊರಡಬೇಕೆಂದರೆ ವಿಳಾಸ, ಪಕ್ಕದ ಗುರುತು, ಎಷ್ಟು ನಿಮಿಷದ ದಾರಿ, ಇಷ್ಟನ್ನೂ ಒಂದು ತುಂಡು ಕಾಗದದಲ್ಲಿ ಬರೆದುಕೊಳ್ಳದೆ ಅವನು ಹೊಸ್ತಿಲು ದಾಟಿದ್ದನ್ನು ಕಂಡವರಿಲ್ಲ.

ಹೆಂಡತಿ ಇದಕ್ಕೆ ತದ್ವಿರುದ್ಧ. ಶಾಲೆಯ ವ್ಯಾನು ಓಡಿಸುವವಳು. ಬೆಳಿಗ್ಗೆ ಹದಿನಾಲ್ಕು ಮಕ್ಕಳನ್ನು ತುಂಬಿಕೊಂಡು, ಅವರಿಗಿಂತ ಜೋರಾಗಿ ತಾನೇ ಹಾಡುತ್ತ ಹೊರಟರೆ, ಮೂರು ತಿರುವು ಆಚೆಯ ತಾಯಂದಿರು ಅವಳ ನಗು ಕೇಳಿಯೇ ಮಕ್ಕಳ ಶೂ ಲೇಸು ಕಟ್ಟಲು ಶುರುಮಾಡುತ್ತಿದ್ದರು. ಇಂಥ ಎರಡು ಜೀವಗಳು ಇಪ್ಪತ್ತೆರಡು ವರ್ಷ ಒಂದೇ ಸೂರಿನಡಿ ಹೇಗೆ ಬಾಳಿದವು ಎಂದು ನನ್ನನ್ನು ಕೇಳಬೇಡಿ. ಬಾಳಿದವು, ಚೆನ್ನಾಗಿಯೇ ಬಾಳಿದವು.

ಹೀಗಿರುವಾಗ ಒಂದು ಸೋಮವಾರ ಸಂಜೆ ಹೆಂಡತಿ ತಿಳಿ ಹಸಿರು ಗಾಜಿನ ಬಾಟಲಿಯೊಂದನ್ನು ತಂದು ಅವನ ಕೈಯಲ್ಲಿಟ್ಟಳು. ಸೆಂಟು. ಹೆಸರು ‘ಮೊದಲ ಅಲೆ’. ಮುಂದಿನ ಭಾನುವಾರ ಅವಳು ಓದಿದ ಶಾಲೆಯ ಗೆಳತಿಯರೆಲ್ಲ ಗಂಡಂದಿರ ಸಮೇತ ಒಂದು ಕಡೆ ಸೇರುವುದಿತ್ತು, ಅವತ್ತು ಇದನ್ನು ಹಾಕಿಕೊಂಡು ಬರಬೇಕು ಎಂದಳು. ಅಂಗಡಿಯವಳು ವಾಸನೆ ನೋಡಲು ಒಂದು ಹನಿ ಸಿಂಪಡಿಸಿ ಕೊಟ್ಟ ಕಾಗದದ ಪಟ್ಟಿಯೂ ಚೀಲದಲ್ಲಿತ್ತು. ಚೀಟಿಯಣ್ಣ ಅದನ್ನು ಮೂಗಿಗೆ ಹಿಡಿದ. ಉಪ್ಪು, ಬಿಸಿಲಿಗೆ ಬೆಚ್ಚಗಾದ ಕೊಬ್ಬರಿ ಎಣ್ಣೆ, ನಿಂಬೆ ಸಿಪ್ಪೆ, ಕೊನೆಗೆ ಒದ್ದೆ ಮರದ ಹಲಗೆ. ಗಂಡಹೆಂಡತಿ ಇಬ್ಬರೂ ಕಡಲನ್ನು ಕಂಡದ್ದು ಕ್ಯಾಲೆಂಡರಿನಲ್ಲಿ ಮಾತ್ರ. ಆದರೂ ಆ ಕ್ಷಣ ಅಡುಗೆಮನೆಯ ಕಟ್ಟೆಯ ಮೇಲೆ ಕಡಲೇ ಬಂದು ಕೂತಂತಾಯಿತು. ಅವನಿಗೆ ಬಹಳ ಹಿಡಿಸಿತು. ಹಚ್ಚಿಕೊಂಡುಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಆದರೆ ಡಬ್ಬಿಯೊಳಗೆ ಚೀಟಿ ಇತ್ತು. ‘ಈ ಪರಿಮಳ ಎಲ್ಲರಿಗೂ ಅಲ್ಲ. ಕಾರಣವಿಲ್ಲದೆ ನಗುವವರಿಗೆ. ನೀರು ಕಂಡರೆ ಕಾಲು ಬರಿದು ಮಾಡಿಕೊಳ್ಳುವವರಿಗೆ. ಎಲ್ಲಿಗೆಂದು ಕೇಳದೆ ಹೊರಟುಬಿಡುವವರಿಗೆ.’ ಅಷ್ಟೇ. ಚೀಟಿಯಣ್ಣ ಹಿಂದೆ ಮುಂದೆ ತಿರುಗಿಸಿ ನೋಡಿದ. ಎಷ್ಟು ಪ್ರಮಾಣ, ಅಡ್ಡಪರಿಣಾಮ ಏನು, ಒಂದೂ ಇಲ್ಲ. ಇರುವುದು ಯಾರಿಗೆ ಎಂಬುದೊಂದೇ, ಆ ಪಟ್ಟಿಯಲ್ಲಿ ಅವನು ಎಲ್ಲಿಯೂ ಇರಲಿಲ್ಲ. ಜ್ವರವಿಲ್ಲದವನಿಗೆ ಜ್ವರದ ಮಾತ್ರೆ ಕೊಡುವವನಲ್ಲ ಅವನು. ಬಾಟಲಿಯ ಸೀಲು ಒಡೆಯದೆ ಕಪಾಟಿನಲ್ಲಿಟ್ಟು ಬೀಗ ಹಾಕಿದ.

ಮರುದಿನ ಎದುರಂಗಡಿಯ ದರ್ಜಿಗೆ ವಿಷಯ ಹೇಳಿದ. ದರ್ಜಿ ಹಳೆಯ ಸ್ನೇಹಿತ, ಬಾಯಿಗೆ ಹೊಲಿಗೆ ಹಾಕಿಕೊಳ್ಳಲು ಮಾತ್ರ ಕಲಿಯದವನು. ಚೀಟಿ ಓದಿ, ಸೂಜಿ ಕಚ್ಚಿಕೊಂಡೇ ಹೇಳಿದ.

"ಇದು ನಿನ್ನ ಅಳತೆ ಅಲ್ಲ ಮಾರಾಯ. ಯಾರನ್ನೋ ಮನಸ್ಸಲ್ಲಿಟ್ಕೊಂಡು ತಂದಿದ್ದಾಳೆ ಅತ್ತಿಗೆ."

ಅವನು ತಮಾಷೆಗೆ ಹೇಳಿದ್ದು. ಆದರೆ ಚೀಟಿಯಣ್ಣ ಅದನ್ನು ನಿಜವೆಂದೇ ಹಿಡಿದ. ಅಂದರೆ ಇಪ್ಪತ್ತೆರಡು ವರ್ಷ ಈ ಒಣ ಮನುಷ್ಯನನ್ನು ಸಹಿಸಿಕೊಂಡು, ಈಗ ಅವಳಿಗೆ ಬೇರೆ ಥರದ ಗಂಡ ಬೇಕೆನಿಸಿದೆ. ಬಾಯಿಬಿಟ್ಟು ಹೇಳಲಾರದೆ ಬಾಟಲಿಯಲ್ಲಿ ಹೇಳಿದ್ದಾಳೆ. ಅವಳನ್ನು ದೂರುವುದು ಅವನಿಗೆ ತೋಚಲಿಲ್ಲ. ಅಷ್ಟು ಪ್ರೀತಿ ಅವಳ ಮೇಲೆ. ಭಾನುವಾರದೊಳಗೆ ತಾನೇ ಆ ಬೇರೆ ಥರದವನಾಗಿಬಿಡಬೇಕು, ಇನ್ನು ದಾರಿಯಿಲ್ಲ. ಅಂಗಡಿಯ ಲೆಟರ್‌ಹೆಡ್ಡಿನ ಮೇಲೆ ಸ್ಕೇಲಿಟ್ಟು ಗೆರೆ ಎಳೆದು ಚಾರ್ಟು ಮಾಡಿದ. ಭಾನುವಾರವೂ ಸೇರಿ ಒಟ್ಟು ಆರು ದಿನದ ಕೋರ್ಸು. ‘ನಗು: ದಿನಕ್ಕೆ ಎರಡು ಸಲ, ಊಟದ ನಂತರ. ಬರಿಗಾಲು: ದಿನಕ್ಕೊಂದು ಸಲ. ಗೊತ್ತುಗುರಿಯಿಲ್ಲದ ಪ್ರಯಾಣ: ಒಟ್ಟು ಒಂದು, ಅಗತ್ಯಬಿದ್ದರೆ ಮಾತ್ರ ಇನ್ನೊಂದು.’

ಮೊದಲ ಡೋಸು ಮಧ್ಯಾಹ್ನ ಊಟ ಮುಗಿಸಿ ಕೌಂಟರಿಗೆ ಬಂದಾಗ ತೆಗೆದುಕೊಂಡ. ಎದುರಿಗೆ ನಿವೃತ್ತ ಹೆಡ್‌ಮಾಸ್ತರರು ನಿಂತಿದ್ದರು. ಅತ್ತ ಇತ್ತ ನೋಡಿ, ದನಿ ತಗ್ಗಿಸಿ, ಮೂರು ದಿನದಿಂದ ಹೊಟ್ಟೆ ಸಾಫಾಗಿಲ್ಲ ಎಂದರು. ಚೀಟಿಯಣ್ಣ ಗಡಿಯಾರ ನೋಡಿದ. ಹೊತ್ತಾಗಿತ್ತು. ಕಾರಣವಿಲ್ಲದೆ ಹಹ್ಹಹ್ಹ ಎಂದು ನಕ್ಕ. ತನಗೆ ಅವರ ಮೇಲೆ ನಗುವ ಕಾರಣವೇ ಇಲ್ಲವೆಂದು ಎಷ್ಟು ವಿವರಿಸಿದರೂ ಮಾಸ್ತರರು ಕೇಳಲಿಲ್ಲ. ಮುಖ ಕೆಂಪಗೆ ಮಾಡಿಕೊಂಡು ಕೊಡೆ ಊರಿಕೊಂಡು ಹೊರಟೇಹೋದರು. ಚಾರ್ಟಿನಲ್ಲಿ ‘ನಗು, ಒಂದು’ ಎಂದು ಬರೆದು ಮುಂದೆ ‘ಸಹಿಸಲಿಲ್ಲ’ ಎಂದು ಸೇರಿಸಿದ.

ಬರಿಗಾಲಿನ ಕಥೆಯೂ ಅಷ್ಟೇ. ಪಾರ್ಕಿನಲ್ಲಿ ಹುಲ್ಲಿಗೆ ನೀರು ಬಿಡುವ ಹೊತ್ತು ನೋಡಿಕೊಂಡು ಹೋಗಿ, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಅಳೆದಂತೆ ಹತ್ತು ಹೆಜ್ಜೆ ಹೋಗಿ ಹತ್ತು ಹೆಜ್ಜೆ ಬಂದ. ಕಾವಲಿನವನು ದೂರದಿಂದ ನೋಡಿ ನೋಡಿ ಕೊನೆಗೆ ತಡೆಯಲಾರದೆ ಹತ್ತಿರ ಬಂದು, ಏನಾದರೂ ಕಳೆದುಕೊಂಡಿರಾ ಎಂದು ತಾನೂ ಬಗ್ಗಿ ಹುಡುಕಲು ನಿಂತ. ಪಾಪ, ಏನು ಕಳೆದಿದೆಯೆಂದು ಚೀಟಿಯಣ್ಣ ಹೇಳಿಯಾನು? ಇಬ್ಬರೂ ಕಾಲು ಗಂಟೆ ಹುಡುಕಿದರು.

ಗುರುವಾರ ಸಿಕ್ಕಿದ ಬಸ್ಸು ಹತ್ತಿದ. ಎಲ್ಲಿಗೆ ಎಂದು ಕಂಡಕ್ಟರು ಕೇಳಿದ್ದಕ್ಕೆ, ಅದನ್ನು ತಾನು ಹೇಳುವ ಹಾಗಿಲ್ಲ ಎಂದ. ಕಂಡಕ್ಟರು ಕಕ್ಕಾಬಿಕ್ಕಿಯಾಗಿ ಕೊನೇ ಸ್ಟಾಪಿನ ಟಿಕೆಟು ಹರಿದುಕೊಟ್ಟ. ಕೊನೇ ಸ್ಟಾಪು ಬಂತು, ಎಲ್ಲರೂ ಇಳಿದರು. ಚೀಟಿಯಣ್ಣ ಮಾತ್ರ ಹಿಂದಿನ ಸೀಟಿನಲ್ಲಿ ಬಗ್ಗಿ, ಬಸ್ಸಿನ ಗೋಡೆಯ ಮೇಲೆ ಸಣ್ಣಕ್ಷರದಲ್ಲಿ ಬರೆದಿದ್ದ ಪ್ರಯಾಣಿಕರ ನಿಯಮಗಳನ್ನು ಓದುತ್ತಿದ್ದ. ಹದಿನೇಳನೆಯ ನಿಯಮಕ್ಕೆ ಬರುವಷ್ಟರಲ್ಲಿ ಬಸ್ಸು ಡಿಪೋದೊಳಗೆ ಹೊಕ್ಕು, ತೊಳೆಯುವ ಯಂತ್ರದ ನಡುವೆ ನಿಂತಿತ್ತು.

ಎರಡೂ ಕಡೆಯಿಂದ ನೀರು ಅಪ್ಪಳಿಸಿತು. ಕಿಟಕಿಗಳ ಮೇಲೆ ನೊರೆ ಉಕ್ಕಿ ಇಳಿಯಿತು, ಮತ್ತೆ ಉಕ್ಕಿತು. ದೊಡ್ಡ ದೊಡ್ಡ ಬ್ರಷ್ಷುಗಳು ಗರಗರ ತಿರುಗುತ್ತ ಬಂದವು, ಇಡೀ ಬಸ್ಸು ದೋಣಿಯ ಹಾಗೆ ಅಲುಗಾಡಿತು. ಒಳಗೆ ಅವನೊಬ್ಬನೇ. ಅವನ ಹೊಟ್ಟೆಯಾಳದಲ್ಲಿ ಏನೋ ಗುಳುಗುಳು ಎಂದು ಎದ್ದು ಎದೆಗೆ ಬಂತು, ಗಂಟಲಿಗೆ ಬಂತು. ನಗು! ಇನ್ನೇನು ಬಾಯಿಗೆ ಬರಬೇಕು, ಅಷ್ಟರಲ್ಲಿ ಈ ಮಹಾರಾಯ ಬರೆದುಕೊಳ್ಳೋಣವೆಂದು ಜೇಬಿನಿಂದ ಚಾರ್ಟು, ಪೆನ್ನು ತೆಗೆದ. ಪೆನ್ನು ಕಂಡದ್ದೇ ತಡ, ಬಂದ ನಗು ಬಂದ ದಾರಿಯಲ್ಲೇ ಹಿಂದಿರುಗಿತು.

ಭಾನುವಾರ ಬಂದೇಬಿಟ್ಟಿತು. ಹೆಂಡತಿ ಹೊಸ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಅಂಗಳದಲ್ಲಿ ವ್ಯಾನಿಗೆ ಕೊನೆಯ ಎರಡು ಬಕೆಟು ನೀರು ಎರಚುತ್ತಿದ್ದಳು. ಎಲ್ಲೆಲ್ಲೂ ಸೋಪಿನ ನೀರು. ಚೀಟಿಯಣ್ಣನ ಚಪ್ಪಲಿಯ ಡಬ್ಬಿಯ ಮೇಲೆ ನೀರು ತಾಗಿಸಬಾರದೆಂದು ಬರೆದಿತ್ತು. ಆದ್ದರಿಂದ ಅವನ್ನು ಮೆಟ್ಟಿಲ ಮೇಲೆ ಬಿಟ್ಟು, ಒಂದು ಕೈಯಲ್ಲಿ ಬಾಟಲಿ, ಇನ್ನೊಂದರಲ್ಲಿ ಚಾರ್ಟು ಹಿಡಿದು ಅವಳೆದುರು ಹೋಗಿ ನಿಂತ.

"ಇದು ನನಗೆ ಆಗಲ್ಲ ಕಣೆ. ಆರು ದಿನ ನೋಡ್ದೆ. ನೀನು ಯಾರನ್ನ ಮನಸ್ಸಲ್ಲಿಟ್ಕೊಂಡು ತಂದೆಯೋ, ಅವನು ನಾನಲ್ಲ."

ಅವಳು ಕೈ ಒರೆಸಿಕೊಂಡು ಚಾರ್ಟು ತೆಗೆದುಕೊಂಡಳು. ‘ಊಟದ ನಂತರ’ ಎಂಬಲ್ಲಿಗೆ ಬಂದಾಗ ತುಟಿ ಕಚ್ಚಿದಳು. ‘ಸಹಿಸಲಿಲ್ಲ’ ಎಂಬಲ್ಲಿ ವ್ಯಾನಿನ ಮೆಟ್ಟಿಲ ಮೇಲೆ ಕುಸಿದು ಕೂತಳು. ಪಕ್ಕದ ಮನೆಯ ಕಿಟಕಿ ತೆರೆದು ಮುಚ್ಚುವಷ್ಟು ಜೋರಾಗಿ ನಕ್ಕಳು. ಆಮೇಲೆ ಗಂಡನ ಪೆಚ್ಚು ಮೋರೆ ನೋಡಿ, ನಗು ನುಂಗಿ, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಅಂಗಡಿಯವಳು ಆ ಚೀಟೀನ ನಂಗೂ ಓದಿ ಹೇಳಿದ್ಳು ರೀ. ನಿಮ್ಮ ಮನೆಯವರು ಇಂಥೋರೇನಾ ಅಂತ ಕೇಳಿದ್ಳು. ಹೂಂ, ಥೇಟ್ ಇಂಥೋರೇ ಅಂದೆ."

"ಯಾಕೆ ಸುಳ್ಳು ಹೇಳ್ದೆ?"

"ಸುಳ್ಳಲ್ಲ. ನೀವು ನಿದ್ದೇಲಿ ನಗ್ತೀರ."

ಮದುವೆಯಾದ ಮೊದಲ ವಾರದಿಂದಲೂ ಅಂತೆ. ಮುಗುಳ್ನಗೆಯಲ್ಲ, ಮಂಚ ಅಲುಗುವಂಥ ನಗು. ಹೊದಿಕೆ ಒದ್ದು, ಕಾಲನ್ನು ನೀರಿನಲ್ಲಿ ಆಡಿಸಿದಂತೆ ಆಡಿಸುತ್ತಾನಂತೆ. ಒಮ್ಮೊಮ್ಮೆ ಮಾತೂ ಉಂಟು: ಬಾ, ಬಾ, ನೀರು ಬೆಚ್ಚಗಿದೆ, ಎನ್ನುತ್ತಾನಂತೆ. ಕರೆಯುವುದು ಅವಳನ್ನೇ, ಹೆಸರು ಹಿಡಿದು. ಹಗಲಿನಲ್ಲಿ ಅವನು ಆ ಹೆಸರನ್ನು ಅಷ್ಟು ಮೆತ್ತಗೆ ಕರೆದದ್ದೇ ಇಲ್ಲ.

ಇಷ್ಟು ವರ್ಷ ಯಾಕೆ ಹೇಳಲಿಲ್ಲವೆಂದು ಚೀಟಿಯಣ್ಣ ಕೇಳಿದ.

"ಹೇಳಿದ್ರೆ ಯಾವುದೋ ಮಾತ್ರೆ ನುಂಗಿ ನಿಲ್ಲಿಸಿಬಿಡ್ತಿದ್ರಿ. ಆಮೇಲೆ ನಾನೇನು ಮಾಡ್ಲಿ? ನಾನು ಬೆಳಗ್ಗೆದ್ದು ವ್ಯಾನಲ್ಲಿ ಹಂಗೆ ಹಾಡೋದು ಯಾವುದರ ಜೋರಲ್ಲಿ ಅಂದ್ಕೊಂಡಿದ್ದೀರಿ?"

ಅವನ ಕಣ್ಣು ತುಂಬಿಬಂತು. ಆದರೆ ಅಭ್ಯಾಸಬಲ ನೋಡಿ, ಬಾಯಿಂದ ಬಂದದ್ದು ಮಾತ್ರ ಕೌಂಟರಿನ ಮಾತೇ.

"ದಿನಾ ಬರುತ್ತಾ, ಬಿಟ್ಟು ಬಿಟ್ಟು ಬರುತ್ತಾ?"

ಅವಳು ಹುಬ್ಬೇರಿಸಿ ಅವನನ್ನು ನೋಡಿದಳು. ಆ ನೋಟದಲ್ಲಿ ತಾನು ಕೇಳಿದ ಪ್ರಶ್ನೆ ಅವನಿಗೇ ಕೇಳಿಸಿತು. ಮಾಸ್ತರರ ಕೊಡೆ ನೆನಪಾಯಿತು, ಹುಲ್ಲಿನಲ್ಲಿ ಬಗ್ಗಿ ಹುಡುಕುತ್ತಿದ್ದ ಕಾವಲಿನವನು ನೆನಪಾದ. ಗುರುವಾರ ಹಿಂದಿರುಗಿ ಹೋಗಿದ್ದ ಆ ಗುಳುಗುಳು ಮತ್ತೆ ಎದ್ದಿತು, ಈ ಸಲ ತಡೆಯಲು ಪೆನ್ನಿರಲಿಲ್ಲ. ಅವನು ನಕ್ಕ. ಭುಜ ಕುಣಿಯಿತು, ಹೊಟ್ಟೆ ಕುಣಿಯಿತು, ವ್ಯಾನಿಗೆ ಒರಗಿಕೊಂಡು ಉಸಿರು ಸಿಗದೆ ನಕ್ಕ.

"ಇದೇ ರೀ," ಅಂದಳು ಹೆಂಡತಿ, ಅವನ ತೋಳು ಹಿಡಿದುಕೊಂಡು. "ಇದೇ ನಗು."

ಸೀಲು ಅಲ್ಲೇ ಒಡೆಯಿತು. ಎಷ್ಟು ಸಲ ಒತ್ತಿದನೋ ಲೆಕ್ಕ ಇಡಲಿಲ್ಲ, ಅವಳಿಗೂ ಒಂದಿಷ್ಟು ಸಿಂಪಡಿಸಿದ. ಸೋಪಿನ ನೊರೆ, ಉಪ್ಪು, ನಿಂಬೆ, ಒದ್ದೆ ಹಲಗೆ ಎಲ್ಲ ಸೇರಿ ಅಂಗಳವೇ ತೇಲಿಹೋಗುವಂತಾಯಿತು. ಇಬ್ಬರೂ ವ್ಯಾನು ಹತ್ತಿದರು. ಅವಳು ಹಾಡಿದಳು, ಅವನು ಮಕ್ಕಳ ಸೀಟಿನಲ್ಲಿ ಮೊಣಕಾಲು ಮಡಚಿ ಕೂತು ತಪ್ಪು ತಪ್ಪಾಗಿ ದನಿಗೂಡಿಸಿದ.

ಗೆಳತಿಯರ ಎದುರು ಇಳಿದಾಗಲೇ ಅವನಿಗೆ ತನ್ನ ಕಾಲು ಕಂಡದ್ದು. ಚಪ್ಪಲಿ ಮನೆಯ ಮೆಟ್ಟಿಲ ಮೇಲೇ ಉಳಿದಿದ್ದವು. ಆದರೆ ಅವತ್ತು ಹೊರಡುವ ಮುಂಚೆ ವಿಳಾಸ ಬರೆದುಕೊಂಡಿರಲಿಲ್ಲ, ಎಲ್ಲಿಗೆ ಎಂದು ಒಂದು ಮಾತೂ ಕೇಳಿರಲಿಲ್ಲ ಎನ್ನುವುದು ಮಾತ್ರ ಅವನಿಗೆ ಇವತ್ತಿಗೂ ಹೊಳೆದಿಲ್ಲ. ಹೆಂಡತಿಗೆ ಗೊತ್ತು, ಅವಳು ಹೇಳುವುದಿಲ್ಲ.