ರಾಷ್ಟ್ರಪತಿ ಭವನಕ್ಕೊಂದು ಬೆಕ್ಕು

ನಮ್ಮ ಭಾವಿ ರಾಷ್ಟ್ರಪತಿಗೆ ಈಗ ಒಂಬತ್ತು ವರ್ಷ. ಹೆಸರು ಅನ್ವಿ, ನನ್ನ ತಂಗಿಯ ಮಗಳು. ಹುಟ್ಟಿದ್ದು ದುಬೈಯಲ್ಲಿ, ವಾಸ ಅಬುಧಾಬಿಯ ಅಲ್ ರೀಮ್ ಐಲ್ಯಾಂಡ್‌ನ ಇಪ್ಪತ್ತೆರಡನೇ ಮಹಡಿಯಲ್ಲಿ. (ಅಷ್ಟು ಎತ್ತರದಲ್ಲಿ ಮಲಗಿದರೆ ಸಣ್ಣ ಕನಸು ಬೀಳುತ್ತದೆಯೇ?)

ಕಳೆದ ಭಾನುವಾರ ದುಬೈಯ ಕುಸೈಸ್‌ನಿಂದ ನಾವೆಲ್ಲ ಅಲ್ಲಿಗೆ ಪಾಯಸದ ಊಟಕ್ಕೆ ಹೋಗಿದ್ದೆವು. ತಂಗಿಯ ಕುಟುಂಬಕ್ಕೆ ಕೆನಡಾ ಪಾಸ್‌ಪೋರ್ಟ್ ಬಂದ ಸಂಭ್ರಮ. ಕೆಲವು ವರ್ಷ ಅಲ್ಲಿನ ಹಿಮ ತುಳಿದು, ಪಾಸ್‌ಪೋರ್ಟ್ ಹಿಡಿದು, ಮತ್ತೆ ಗಲ್ಫ್‌ನ ಸಂಬಳಕ್ಕೇ ಮರಳುವುದು ನಮ್ಮವರ ಹೊಸ ಪದ್ಧತಿ.

ಸಂಜೆ ಬಾಲ್ಕನಿಯಲ್ಲಿ ಅನ್ವಿ ಗುಟ್ಟಾಗಿ ಹೇಳಿದಳು. "ಮಾಮ, ನಾನು ಪ್ರೆಸಿಡೆಂಟ್ ಆಗ್ತೇನೆ. ಇಂಡಿಯಾದ್ದು. ಅಲ್ಲಿ ಕ್ಯಾಟ್ ಸಾಕ್ಲಿಕ್ಕೆ ಬಿಡ್ತಾರಲ್ವಾ?"

ಅವರ ಬಿಲ್ಡಿಂಗ್‌ನಲ್ಲಿ ಬೆಕ್ಕಿಗೆ ಪರ್ಮಿಷನ್ ಇಲ್ಲ.

ನಾನೂ ಅವಳ ಕನಸಿಗೆ ಇಳಿದೆ. ಉದ್ದನೆಯ ಕೆಂಪು ಹಾಸು, ಎರಡೂ ಕಡೆ ಕುದುರೆ ಸವಾರರು, ನಡುವೆ ಬೆಕ್ಕನ್ನು ಎತ್ತಿಕೊಂಡು ನಿಧಾನಕ್ಕೆ ನಡೆಯುವ ನಮ್ಮ ಅನ್ವಿ. ಕೆಳಗೆ ನೀರಿನ ಮೇಲೆ ಬೆಳಕು ಕರಗುತ್ತಿತ್ತು. ದಿಲ್ಲಿ ಆಚೆ ದಡದಲ್ಲೇ ಇದೆ ಅನಿಸಿತು.

ಒಳಗೆ ಬಂದು ಅವಳಪ್ಪ ಸುಧಾಕರನಿಗೆ ಹೇಳಿದೆ. ಅವನು ನಕ್ಕ. "ಆಗ್ಲಿ ಭಾವ, ಎಂತ ತೊಂದರೆ? ನಮ್ಗೆ ಈಗ ಎರಡೂ ಉಂಟು. ಕೆನಡಾ ಪಾಸ್‌ಪೋರ್ಟೂ ಉಂಟು, ಇಂಡಿಯಾದ ಒಸಿಐ ಕಾರ್ಡೂ ಉಂಟು."

"ಎರಡು ಎಲ್ಲಿ ಉಂಟು ಮಾರಾಯ?" ಎಂದೆ. ಭಾರತದಲ್ಲಿ ದ್ವಿಪೌರತ್ವವೇ ಇಲ್ಲ. ಆ ಕಾರ್ಡ್ ಇದ್ದರೆ ವೀಸಾದ ರಗಳೆಯಿಲ್ಲದೆ ಊರಿಗೆ ಹೋಗಿ ಬರಬಹುದು. ವೋಟಿಲ್ಲ. ರಾಷ್ಟ್ರಪತಿಯಾಗಲು ಸಂವಿಧಾನ ಕೇಳುವ ಮೊದಲ ಅರ್ಹತೆಯೇ ಭಾರತದ ಪೌರತ್ವ. ದುಬೈಯಲ್ಲಿ ಹುಟ್ಟಿದ್ದು ಅದಕ್ಕೆ ಅಡ್ಡಿಯಲ್ಲ, ಹೊಸ ಪಾಸ್‌ಪೋರ್ಟ್ ಅಡ್ಡಿ.

ಬಾಗಿಲಲ್ಲಿ ಅನ್ವಿ ನಿಂತಿದ್ದಳು. "ದೆನ್ ಕೆನಡಾದಲ್ಲಿ?"

"ಪ್ರಧಾನಿ ಆಗಬಹುದು ಮಗಾ. ಅದಕ್ಕಿಂತ ಮೇಲೆ ಇಂಗ್ಲೆಂಡಿನ ರಾಜ ಇದ್ದಾರೆ."

"ಇಲ್ಲಿ?"

ಇಲ್ಲಿ ಅವಳಿಗಿರುವುದು ಅಪ್ಪನ ಕೆಲಸದ ಮೇಲೆ ನಿಂತ ವೀಸಾ.

"ಪಪ್ಪ, ಹಾಗಾದ್ರೆ ನನ್ನ ಇಂಡಿಯಾ ಖಲಾಸಾ?"

ನನಗೆ ಸಂಕಟವಾಯಿತು. ದೊಡ್ಡವಳಾದ ಮೇಲೆ ಊರಲ್ಲಿದ್ದು, ಕೆನಡಾದ್ದನ್ನು ಬಿಟ್ಟು, ಭಾರತದ ಪೌರತ್ವಕ್ಕೆ ಮತ್ತೆ ಅರ್ಜಿ ಹಾಕಬಹುದು ಎಂದು ಸಮಾಧಾನ ಹೇಳಿದೆ. ಅವಳು ತಲೆಯಾಡಿಸಿ ಬಾಲ್ಕನಿಗೆ ಹೋದಳು. ಸುಧಾಕರ ಪಾಯಸದ ಬಟ್ಟಲನ್ನು ಮುಟ್ಟದೆ ಕೂತಿದ್ದ.

ಒಂದು ಬೆಕ್ಕು ಸಾಕಲು ಈ ಹುಡುಗಿ ರಾಷ್ಟ್ರಪತಿ ಭವನದ ಪರ್ಮಿಷನ್ ಕೇಳುತ್ತಾಳೆ. ಅವಳ ದೇಶ ಬದಲಾಯಿಸುವಾಗ ಅವಳನ್ನು ಯಾರು ಕೇಳಿದರು?